ಮನೆ ಕಟ್ಟಿಸುವ ಕರಾರು: ಅಂಗಡಿ ಬಾಕಿ ಯಾರ ತಲೆಗೆ?

ಸಾಮಗ್ರಿ ಸಹಿತ ಗುತ್ತಿಗೆ ಕೊಟ್ಟ ಮಾಲೀಕರು ಗುತ್ತಿಗೆದಾರನಿಗೆ ಪೂರ್ತಿ ಹಣ ಸಂದಾಯ ಮಾಡಿರುತ್ತಾರೆ. ಗೃಹಪ್ರವೇಶದ ಹೊತ್ತಿಗೆ ಸಿಮೆಂಟ್ ಅಂಗಡಿಯವರು ಬಾಕಿ ಚೀಟಿ ಹಿಡಿದು ಅಂಗಳಕ್ಕೆ ಬರುತ್ತಾರೆ. ಮನೆ ಜಪ್ತಿಯಾದೀತೆಂದು ಹೆದರಿ ಒಂದೇ ಸಾಮಗ್ರಿಗೆ ಎರಡು ಬಾರಿ ಹಣ ತೆರುವವರೂ ಇದ್ದಾರೆ.

ಅಮೆರಿಕದಲ್ಲಾದರೆ ಈ ಹೆದರಿಕೆಗೆ ಆಧಾರವಿದೆ. 1791ರಲ್ಲಿ ಮೇರಿಲ್ಯಾಂಡ್ ರಾಜ್ಯ ಮೊದಲು ಮಾಡಿದ ಕಾನೂನಿನ ಜಾಡಿನಲ್ಲಿ, ಕೂಲಿ ಅಥವಾ ಸಾಮಗ್ರಿಯ ಬಾಕಿಗೆ ಅಲ್ಲಿ ಕಟ್ಟಡದ ಮೇಲೆಯೇ 'ಲೀನ್' ಹಕ್ಕು ಹೂಡಬಹುದು. ನಮ್ಮ ದೇಶದಲ್ಲಿ ಅಂಥ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆಯ 170ನೇ ಕಲಮಿನ ಹಕ್ಕು ದರ್ಜಿ ತಾನು ಹೊಲಿದ ಬಟ್ಟೆಯನ್ನು ಕೂಲಿ ಸಿಗುವ ತನಕ ಇಟ್ಟುಕೊಳ್ಳುವಂಥದ್ದು; ಅದು ಚರ ಸೊತ್ತಿಗೆ ಮಾತ್ರ. ಸರಕು ಕೈಬಿಟ್ಟ ಅಂಗಡಿಯವರಿಗೂ ಅದರ ಮೇಲೆ ಹಿಡಿತ ಉಳಿಯುವುದಿಲ್ಲ. ಕೊಂಡವನು ಗುತ್ತಿಗೆದಾರನಾದರೆ ದಾವೆಯೂ ಅವನ ಮೇಲೆಯೇ.

ಎಡವುವುದು ಬಿಲ್ಲಿನಲ್ಲಿ. ಲಾರಿ ಬಂದಾಗ ಮನೆಯವರು ತಮ್ಮ ಹೆಸರಿನ ಉದ್ರಿ ಬಿಲ್ಲಿಗೆ ಸಹಿ ಹಾಕಿದರೆ ಖರೀದಿದಾರರು ತಾವೇ ಎಂದಾಗುತ್ತದೆ. ಆಗ ಅಂಗಡಿಯವರು ಮೂರು ವರ್ಷದೊಳಗೆ ದಾವೆ ಹೂಡಬಹುದು. ಡಿಕ್ರಿಯಾದರೆ ಜಪ್ತಿಯ ಮಾತು ಬರೇ ಬೆದರಿಕೆಯಲ್ಲ. ಸಹಿ ಹಾಕಲೇಬೇಕಾದರೆ 'ಸರಕು ತಲುಪಿದೆ, ಖರೀದಿ ಗುತ್ತಿಗೆದಾರರದ್ದು' ಎಂದು ಬರೆಯಬೇಕು. ಯಜಮಾನರು ಗಲ್ಫಿನಲ್ಲಿದ್ದರೆ ಊರಿನಲ್ಲಿರುವ ತಂದೆತಾಯಿಗೆ ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು.

ಕರಾರಿನಲ್ಲಿ ಸಾಮಗ್ರಿ ಯಾರದ್ದು, ಯಾವ ದರ್ಜೆಯದ್ದು, ಚದರ ಅಡಿ ದರದೊಳಗೆ ಆವರಣ ಗೋಡೆ, ಬಾವಿಕಟ್ಟೆ ಸೇರುತ್ತವೆಯೇ ಎಂಬುದು ಬರಹದಲ್ಲಿರಲಿ. ಬರೆದದ್ದಕ್ಕೆ ವಿರುದ್ಧವಾದ ಬಾಯಿಮಾತನ್ನು ನ್ಯಾಯಾಲಯ ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಾಸರಗೋಡಿನಲ್ಲಿ ಕರಾರು ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ತಯಾರಾದರೆ ಕನ್ನಡ ಮಾತ್ರ ಓದಬಲ್ಲ ಹಿರಿಯರು ತೋರಿಸಿದಲ್ಲಿ ಸಹಿ ಹಾಕುವುದುಂಟು. ಇದು ಸಲ್ಲದು. ಸಹಿಗೆ ಮುಂಚೆ ಕನ್ನಡ ಪ್ರತಿ ಕೇಳಿ ಓದಿಕೊಳ್ಳಬೇಕು.

ಹಣವನ್ನು ಪಂಚಾಂಗ, ಲಿಂಟಲ್, ಸ್ಲ್ಯಾಬ್, ಸಾರಣೆ ಎಂದು ಹಂತ ಹಂತವಾಗಿ ಬ್ಯಾಂಕ್ ಮೂಲಕವೇ ಕೊಡಬೇಕು. ಪ್ರತಿ ಕಂತಿಗೆ ಮುಂಚೆ ಹಿಂದಿನ ಹಂತದ ಸಾಮಗ್ರಿಯ ಹಣ ಸಂದಾಯವಾದ ಅಂಗಡಿ ರಶೀದಿ ಕೇಳುವುದು ಸಂಕೋಚದ ಸಂಗತಿಯಲ್ಲ. ಕೊನೆಯ ಕಂತಿನ ಒಂದು ಪಾಲನ್ನು ಒಂದು ಮಳೆಗಾಲ ಕಳೆಯುವ ತನಕ ತಡೆಹಿಡಿಯುವ ಷರತ್ತೂ ಇರಲಿ. ಸ್ಲ್ಯಾಬ್ ಸೋರುವುದು ತಿಳಿಯುವುದು ಆಗಲೇ. ವಿಳಂಬಕ್ಕೆ ದಂಡ ಬರೆದಿದ್ದರೆ 74ನೇ ಕಲಮಿನಂತೆ ಆ ಮೊತ್ತ ಮೀರದ, ನ್ಯಾಯವೆನಿಸುವ ಪರಿಹಾರ ಸಿಗುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮನೆ ನಿರ್ಮಾಣವೂ ಸೇವೆಯೇ. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ದೂರು ಜಿಲ್ಲಾ ಆಯೋಗಕ್ಕೆ, ಎರಡು ವರ್ಷದೊಳಗೆ.