ನಾಗಾವಿಯ ಭಂಡಾರವೂ ಕಮಲಾಪುರದ ಪಾಠವೂ

ಕಲಬುರಗಿ ಜಿಲ್ಲೆಯ ಚಿತ್ತಾಪುರಕ್ಕೆ ಸಮೀಪದ ನಾಗಾವಿಯಲ್ಲಿ ಚಾಲುಕ್ಯ ತ್ರೈಲೋಕ್ಯಮಲ್ಲನ ದಂಡನಾಯಕನಾದ ಮಧುಸೂದನನು ಘಟಿಕಾಶಾಲೆಯೊಂದನ್ನು ನೆಲೆಗೊಳಿಸಿ ದತ್ತಿಬಿಟ್ಟ ಸಂಗತಿಯು ಕ್ರಿ. ಶ. 1058ರ ಶಾಸನದಿಂದ ವಿದಿತವಾಗುತ್ತದೆ. ವೇದಾಧ್ಯಯನಕ್ಕೆ 200 ಮಂದಿ, ಶಾಸ್ತ್ರಾಧ್ಯಯನಕ್ಕೆ 52 ಮಂದಿ ವಿದ್ಯಾರ್ಥಿಗಳು. ಗ್ರಂಥಗಳ ರಕ್ಷಣೆಗೆ 6 ಮಂದಿ ಸರಸ್ವತೀ ಭಂಡಾರಿಕರು. ಓಲೆಗರಿಯ ಗ್ರಂಥವೊಂದರ ಪ್ರತಿಯೆತ್ತುವುದು ಎಂತಹ ಪ್ರಯಾಸದ ಕಾರ್ಯವೆಂಬುದನ್ನು ನೆನೆದರೆ ಈ ಆರು ಜನರ ನೇಮಕವು ಸೋಜಿಗವೆನಿಸದು. ಪಾಠವೂ ಪುಸ್ತಕವೂ ದತ್ತಿಯಿಂದಲೇ ನಡೆದವು. ಆದರೆ ವೇದಕ್ಕೆ ಅಧಿಕಾರಿಗಳಲ್ಲವೆಂದು ಎಣಿಸಲ್ಪಟ್ಟ ಒಕ್ಕಲ ಮಕ್ಕಳಿಗೆ ಆ ಬಾಗಿಲು ತೆರೆಯಲಿಲ್ಲ. ವಿದ್ಯೆಯು ಉಚಿತವಾಗಿದ್ದಿತು, ಮುಕ್ತವಾಗಿರಲಿಲ್ಲ.

ಶತಮಾನಗಳು ಉರುಳಿ ಅಚ್ಚಿನ ಮೊಳೆ ಬಂದಿತು, ಪ್ರತಿಯ ಬೆಲೆ ಇಳಿಯಿತು. ಆಗ ಅಡ್ಡಬಂದುದು ಭಾಷೆ. ನಿಜಾಮರ ಆಳಿಕೆಯಲ್ಲಿ ಉರ್ದುವೇ ರಾಜ್ಯಭಾಷೆ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ಅನುವಾದಕ್ಕೆಂದೇ ಕಛೇರಿಯೊಂದನ್ನು ತೆರೆದು ಪಾಶ್ಚಾತ್ಯ ಶಾಸ್ತ್ರಗಳನ್ನು ದೇಶಭಾಷೆಗೆ ತಂದ ಆ ಸಾಹಸವು ಸ್ತುತ್ಯವೇ ಸರಿ. ಕಮಲಾಪುರದ ಕನ್ನಡ ಹುಡುಗನಿಗೆ ಮಾತ್ರ ಅದೂ ಪರಭಾಷೆಯೇ! 1948ರಲ್ಲಿ ಆ ಆಳಿಕೆ ಮುಗಿದು, 1956ರಲ್ಲಿ ಜಿಲ್ಲೆಯು ಕನ್ನಡನಾಡನ್ನು ಸೇರಿತು.

ಇನ್ನೊಂದು ತಡೆ ಉಳಿದಿದ್ದಿತು, ಹಕ್ಕಿನದು. ಪುಸ್ತಕವು ಕನ್ನಡದ್ದೇ ಆದರೂ ಅದನ್ನು ತಿದ್ದಿ, ಪ್ರತಿಮಾಡಿ ಹಂಚುವ ಅಧಿಕಾರವು ಉಪಾಧ್ಯಾಯನಿಗಿಲ್ಲ. ಕರ್ತೃವು ತಾನೇ ಆ ಅನುಮತಿಯನ್ನು ಮುಂದಾಗಿ ಬರೆದುಕೊಡುವ ಪದ್ಧತಿಯು ಈ ತೊಡಕಿಗೆ ಪರಿಹಾರವಾಗಿ ಹುಟ್ಟಿತು. ಅಂಥ ಪಾಠಸಾಮಗ್ರಿಗೆ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ವೆಂಬ ಹೆಸರು 2002ರಲ್ಲಿ ಯುನೆಸ್ಕೊ ಕರೆದ ಸಭೆಯಲ್ಲಿ ರೂಢಿಗೆ ಬಂದಿತು. ಕರ್ನಾಟಕದ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡಗೂಡಿ ಕನ್ನಡ, ಇಂಗ್ಲಿಷುಗಳೆರಡರಲ್ಲಿಯೂ ಇಂಥದೊಂದು ಭಂಡಾರವನ್ನು ಕಟ್ಟಿತು. ಅದಕ್ಕೆ ಬರೆದವರಲ್ಲಿ ಸರಕಾರಿ ಪ್ರೌಢಶಾಲೆಗಳ ಉಪಾಧ್ಯಾಯರೇ ಇದ್ದುದು ವಿಶೇಷ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಇದೇ ಬಗೆಯ ಅನುಮತಿಯೊಡನೆ ಬಿಟ್ಟುಕೊಟ್ಟಿತು.

ಕಮಲಾಪುರದ ಕೆಂಪು ಬಾಳೆಯು ನಾಡಿಗೆಲ್ಲ ಹೆಸರಾದುದು. ಶೇಕಡಾ ಲೆಕ್ಕದ ಮುಕ್ತ ಪಾಠವೊಂದರಲ್ಲಿ ಸೇಬನ್ನು ತೆಗೆದು ಅಲ್ಲಿಯ ಬಾಳೆಗೊನೆಯ ಧಾರಣೆಯನ್ನಿಡಲು, ಮೈಸೂರು ಸೀಮೆಯ ಮಾತನ್ನು ಕಲಬುರಗಿಯ ಮಾತಿಗೆ ತಿರುಗಿಸಲು ಅಲ್ಲಿಯ ಉಪಾಧ್ಯಾಯಿನಿಗೆ ಯಾರ ಅಪ್ಪಣೆಯೂ ಬೇಡ. ಮನೆಗೊಂದೇ ಮೊಬೈಲು, ಅದೂ ತಂದೆಯ ಜೇಬಿನಲ್ಲಿ ಹೊಲಕ್ಕೆ ಹೋಗುವ ಕಡೆ, ಯಂತ್ರದೊಳಗಿನ ಭಂಡಾರಕ್ಕೆ ಮತ್ತೆ ಬೀಗ ಬಿದ್ದಂತೆಯೇ ಅಹುದು. ಆದರೆ ಆ ಅನುಮತಿಯು ಕಾಗದಕ್ಕೂ ಸಲ್ಲುವುದು. ಒಮ್ಮೆ ಇಳಿಸಿಕೊಂಡ ಪಾಠವನ್ನು ಅಚ್ಚುಮಾಡಿ ತರಗತಿಯ ಗೋಡೆಗೆ ಅಂಟಿಸಿದರೆ, ಓದುವ ಮಗುವಿಗೆ ಮೊಬೈಲೂ ಬೇಡ, ವಿದ್ಯುತ್ತೂ ಬೇಡ.