ಹಿಮೋಫಿಲಿಯಾ: ರೋಗಿಗಳ ಸಂಘ ಯಾಕೆ ಬೇಕು? ತಾಲ್ಲೂಕಿನಲ್ಲಿ ಯಾರನ್ನು ಕೇಳಬೇಕು?

ಸಣ್ಣ ಗಾಯವಾದರೂ ರಕ್ತ ಬೇಗ ನಿಲ್ಲಲ್ಲ. ಪೆಟ್ಟು ಬೀಳದಿದ್ದರೂ ಮೊಣಕಾಲು ಊದಿಕೊಳ್ಳುತ್ತೆ. ಇದು ಹಿಮೋಫಿಲಿಯಾ, ಕುಸುಮ ರೋಗ ಅಂತಲೂ ಕರೀತಾರೆ. ವಂಶವಾಹಿಯಿಂದ ಬರುವ ಈ ಕಾಯಿಲೆ ಹೆಚ್ಚಾಗಿ ಕಾಡೋದು ಗಂಡುಮಕ್ಕಳನ್ನು. ರಕ್ತ ಹೆಪ್ಪುಗಟ್ಟಿಸುವ ‘ಫ್ಯಾಕ್ಟರ್’ ಇಂಜೆಕ್ಷನ್ ತಡವಾದರೆ ಕೀಲು ಶಾಶ್ವತವಾಗಿ ಹಾಳಾಗಬಹುದು. ತಲೆಯೊಳಗೆ ರಕ್ತಸ್ರಾವವಾದರೆ ಪ್ರಾಣಕ್ಕೇ ಅಪಾಯ. ಇಂಜೆಕ್ಷನ್ ದುಬಾರಿ, ಸ್ವಂತ ಖರ್ಚಿನಲ್ಲಿ ನಿಭಾಯಿಸೋದು ಬಹುತೇಕ ಕುಟುಂಬಗಳಿಗೆ ಕಷ್ಟ.

ಸಂಘ ಮಾಡುವ ಕೆಲಸ

ಒಬ್ಬರೇ ಹೋಗಿ ಕೇಳಿದರೆ ‘ಸ್ಟಾಕ್ ಇಲ್ಲ’ ಎಂಬಲ್ಲಿಗೆ ಮಾತು ಮುಗಿಯಬಹುದು. ರೋಗಿಗಳು ಎಷ್ಟು ಜನ, ಯಾರಿಗೆ ಫ್ಯಾಕ್ಟರ್ 8, ಯಾರಿಗೆ 9 ಬೇಕು ಎಂಬ ಪಟ್ಟಿ ಹಿಡಿದು ಸಂಘ ಕೇಳಿದರೆ ಇಲಾಖೆ ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ರಾಷ್ಟ್ರಮಟ್ಟದ ಹಿಮೋಫಿಲಿಯಾ ಫೆಡರೇಷನ್ 1983ರಲ್ಲಿ ಶುರುವಾಯಿತು. ಅದನ್ನು ಕಟ್ಟಿದ ಅಶೋಕ್ ಬಹದ್ದೂರ್ ವರ್ಮಾ ಅವರಿಗೂ ಇದೇ ಕಾಯಿಲೆ ಇತ್ತು. ನಮ್ಮಲ್ಲಿ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕೆಲಸ ಮಾಡುತ್ತಿದೆ. ಅದರ ಡಾ. ಸುರೇಶ್ ಹನಗವಾಡಿ ಕೂಡ ಈ ಕಾಯಿಲೆಯೊಂದಿಗೇ ಬದುಕಿದವರು.

ಸಿಕ್ಕಿದ್ದು, ಸಿಗದಿದ್ದು

1995ರ ಕಾಯ್ದೆಯಲ್ಲಿ ಅಂಗವೈಕಲ್ಯ 7 ಬಗೆ ಮಾತ್ರ. 2016ರ ಕಾಯ್ದೆಯಲ್ಲಿ ಅದು 21 ಆಯಿತು; ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಸೇರಿದವು. ವೈಕಲ್ಯ ಶೇ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಇದ್ದರೆ ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5 ಮೀಸಲಾತಿಯಡಿ ಸೀಟು ಕೇಳಬಹುದು. ಆದರೆ ಇದೇ ಕಾಯ್ದೆಯ ಶೇ 4 ಉದ್ಯೋಗ ಮೀಸಲಾತಿ ಪಟ್ಟಿಯಲ್ಲಿ ರಕ್ತದ ಕಾಯಿಲೆಗಳ ಹೆಸರಿಲ್ಲ. ಓದಿಗೆ ಸಿಕ್ಕಿದ್ದು ಕೆಲಸಕ್ಕೆ ಸಿಕ್ಕಿಲ್ಲ.

ನೀವು ಏನು ಮಾಡಬೇಕು?

* ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಿ. ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯು ಅವರನ್ನು ಕೇಳಿದರೆ ದಾರಿ ಹೇಳುತ್ತಾರೆ.
* ಪ್ರಮಾಣಪತ್ರದ ತೀರ್ಮಾನ ಸರಿಯಿಲ್ಲ ಅನಿಸಿದರೆ ಮೇಲ್ಮನವಿಗೆ ಅವಕಾಶವಿದೆ.
* ಇಂಜೆಕ್ಷನ್ ಸಿಗದಿದ್ದರೆ ಬಾಯಿಮಾತಲ್ಲಿ ಬಿಡಬೇಡಿ. ದಿನಾಂಕ ಹಾಕಿ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ಸಂಘಕ್ಕೂ ಕೊಡಿ.
* ಸಂಘದಲ್ಲಿ ಹೆಸರು ನೋಂದಾಯಿಸಿ. ಪಟ್ಟಿಯಲ್ಲಿ ಹೆಸರಿಲ್ಲದ ರೋಗಿ ಲೆಕ್ಕಕ್ಕೆ ಸಿಗಲ್ಲ. ಲೆಕ್ಕಕ್ಕೆ ಸಿಗದವರಿಗೆ ಸ್ಟಾಕ್ ಕೇಳೋದೂ ಕಷ್ಟ.