ಕ್ರೂಸರ್ ಬೈಕಿಗೆ ಹೊಸ ರೂಪ: ಬಣ್ಣಕ್ಕೂ ಬೇಕು ಆರ್‌ಸಿ ದಾಖಲೆ

ತಗ್ಗಾದ ಆಸನ, ಮುಂದಕ್ಕೆ ಚಾಚಿದ ಫುಟ್‌ರೆಸ್ಟ್, ಅಗಲವಾದ ಹ್ಯಾಂಡಲ್ ಕ್ರೂಸರ್ ಬೈಕಿನ ಗುರುತು. ಭಾರತದಲ್ಲಿ ಬಜಾಜ್ ಅವೆಂಜರ್ 2005ರಲ್ಲಿ ಮಾರುಕಟ್ಟೆಗೆ ಬಂದ ನಂತರ ಇಂತಹ ಬೈಕುಗಳ ರೂಪ ಬದಲಿಸುವ ಹವ್ಯಾಸ ಗ್ಯಾರೇಜುಗಳಿಗೂ ಕೆಲಸ ಒದಗಿಸಿತು.

ಕೆಲಸದಲ್ಲಿ ಹೆಚ್ಚು ಸಮಯ ಹಿಡಿಯುವುದು ಪೆಟ್ರೋಲ್ ಟ್ಯಾಂಕ್. ಅದನ್ನು ಬಿಚ್ಚಿ, ಇಂಧನ ಪೂರ್ತಿ ತೆಗೆದು, ಹಳೆಯ ಬಣ್ಣ ಉಜ್ಜಿ, ನೆಗ್ಗಿದ ಕಡೆ ಪುಟ್ಟಿ ತುಂಬಿ, ಪ್ರೈಮರ್ ಹೊಡೆದ ಮೇಲೆಯೇ ಬಣ್ಣ. ಕೊನೆಗೆ ಹೊಳಪಿನ ಲ್ಯಾಕರ್. ಪ್ರತಿ ಪದರವೂ ಒಣಗಬೇಕು. ಅವಸರಪಟ್ಟರೆ ಕೆಲವೇ ತಿಂಗಳಲ್ಲಿ ಬಣ್ಣ ಸಿಪ್ಪೆಯಂತೆ ಏಳುತ್ತದೆ.

ಆಸನದ ಹೊದಿಕೆ, ಬೆನ್ನೊರಗು, ಕನ್ನಡಿಗಳಂತಹ ಚಿಕ್ಕಪುಟ್ಟ ಬದಲಾವಣೆ ಸಾಮಾನ್ಯ. ಮುಂದಿನ ಫೋರ್ಕ್ ಉದ್ದ ಮಾಡಿಸುವುದು ಬೇರೆಯೇ ಮಾತು: ನೋಟಕ್ಕೆ ಗತ್ತು ಬಂದರೂ ನಿಧಾನಗತಿಯ ತಿರುವುಗಳಲ್ಲಿ ಬೈಕ್ ಮಾತು ಕೇಳುವುದಿಲ್ಲ. ಸೈಲೆನ್ಸರ್ ಬದಲಿಸುವವರೂ ಎಚ್ಚರ ವಹಿಸಬೇಕು. 175 ಸಿಸಿ ಮೀರಿದ ದ್ವಿಚಕ್ರ ವಾಹನಗಳಿಗೆ ತಯಾರಿಕಾ ಹಂತದಲ್ಲಿ ನಿಗದಿಯಾದ ಶಬ್ದಮಿತಿ 80 ಡೆಸಿಬಲ್.

ನೋಂದಣಿ ಪತ್ರದಲ್ಲಿ ಬಣ್ಣವೂ ನಮೂದಾಗಿರುವುದರಿಂದ ಅದು ಬದಲಾದಾಗ ಆರ್‌ಟಿಒ ಕಚೇರಿಯಲ್ಲಿ ದಾಖಲಿಸಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಕೆಲಸ ಮಾಡಿಕೊಟ್ಟ ಗ್ಯಾರೇಜಿನತ್ತ ಬೆರಳು ತೋರಿಸಿ ಮಾಲೀಕರು ಪಾರಾಗುವಂತಿಲ್ಲ.